ತವರಿನ ರೊಕ್ಕ

ಆ ಊರಲ್ಲಿ ಗೊತ್ತಿದ್ದೂ ಸುಳ್ಳು ಹೇಳಿದವರ ನಾಲಿಗೆ ನೀಲಿಯಾಗುತ್ತಿತ್ತು. ನಿಜ ಒಪ್ಪಿಕೊಳ್ಳುವವರೆಗೆ ಬಣ್ಣ ಬಿಡುತ್ತಿರಲಿಲ್ಲ. ಎಲೆಅಡಿಕೆಯ ಕೆಂಪು ಮಾತ್ರ ಆ ನೀಲಿಯನ್ನು ಮುಚ್ಚುತ್ತಿತ್ತು. ಅದಕ್ಕೇ ಕೋರ್ಟಿನ ಬಾಗಿಲಲ್ಲಿ ಜವಾನ ಎಲ್ಲರ ಎಲೆಅಡಿಕೆ ಚೀಲ ಇಸಿದುಕೊಂಡು, ಬಾಯಿ ಮುಕ್ಕಳಿಸಲು ಹೇಳಿ ಒಳಗೆ ಬಿಡುತ್ತಿದ್ದ.

ಕಲ್ಯಾಣ ಮಂಟಪದ ಮಾಲೀಕ ಸಂಗನಬಸಪ್ಪನಿಗೆ ಆದಾಯ ತೆರಿಗೆ ವಂಚನೆಗಾಗಿ ಜೈಲುಶಿಕ್ಷೆಯಾಗಿತ್ತು. ಇವತ್ತು ಮೇಲ್ಮನವಿಯ ವಿಚಾರಣೆ. ಆರೋಪಿ ಮಾತಾಡಲೇಬೇಕೆಂದಿರಲಿಲ್ಲವಾದ್ದರಿಂದ ಅವನು ತುಟಿ ಬಿಗಿದು ಕೂತಿದ್ದ. ಸಾಕ್ಷಿಗೆ ನಿಂತವಳು ಹೆಂಡತಿ ಗೌರವ್ವ.

“ಮನ್ಯಾಗ ಸಿಕ್ಕ ರೊಕ್ಕ ಮಂಟಪದ್ದಲ್ರೀ ಸಾಹೇಬ್ರ. ನಮ್ಮಪ್ಪ ಸಾಯೋ ಮುಂದ ನನಗಂತ ಇಟ್ಟಿದ್ದು,” ಎಂದು ಕಣ್ಣೊರೆಸಿಕೊಂಡು ನಾಲಿಗೆ ಚಾಚಿದಳು. ನಾಲಿಗೆ ಕೆಂಪಗೇ ಇತ್ತು. ನ್ಯಾಯಾಧೀಶರು ಬಗ್ಗಿ ನೋಡಿ ಶಿಕ್ಷೆ ರದ್ದು ಮಾಡಿದರು.

ಸಂಗನಬಸಪ್ಪನಿಗೆ ತಲೆ ಎತ್ತಲಾಗಲಿಲ್ಲ. ಹೋದ ತಿಂಗಳು ಬಾಯಿ ತುಂಬ ಎಲೆಅಡಿಕೆ ಜಗಿಯುತ್ತ ಆ ಕತೆ ಕಟ್ಟಿ ಅವಳನ್ನು ನಂಬಿಸಿದವನು ಅವನೇ. ಬದುಕಿದ್ದಾಗ ಒಂದು ಸೀರೆಯನ್ನೂ ಕೊಡಿಸದ ಅಪ್ಪನ ಫೋಟೋಗೆ ಅಂದಿನಿಂದ ಅವಳು ದಿನಾ ಹೂ ಏರಿಸುತ್ತಿದ್ದಳು.

ಹೊರಗೆ ಬಂದವನೇ ಜೇಬು ತಡಕಿದ. ಚೀಲ ಇನ್ನೂ ಜವಾನನ ಹತ್ತಿರವೇ ಇತ್ತು. ಎದುರಿಗೆ ಗೌರವ್ವ ಪೇಡೆ ಹಿಡಿದು ನಿಂತಿದ್ದಳು.

“ಬಾಯಿ ತಗೀರಿ,” ಎಂದಳು.