ಉಪ್ಪಿಟ್ಟಿನ ಚರ್ಚೆ

ಹಳೆ ರವೆ ಹುರಿಯುವ ವಾಸನೆ ಬಂದರೆ ಇವತ್ತಿಗೂ ನಾನು ತಟ್ಟೆ ಸರಿಸಿ ಎದ್ದುಬಿಡುತ್ತೇನೆ.

ಕೋಟೆ ತಾಲೂಕಿನ ನಮ್ಮ ಶಾಲೆಯಲ್ಲಿ ಮಧ್ಯಾಹ್ನ ಉಪ್ಪಿಟ್ಟು ಕೊಡುತ್ತಿದ್ದರು. ಅದಕ್ಕೆ ಗೋಣಿಚೀಲದ ಮುಗ್ಗಲು, ಕಮಟು ಎಣ್ಣೆಯ ನಾತ. ಶಾಲಾ ಇನ್‌ಸ್ಪೆಕ್ಟರು ಬಂದು ಮಕ್ಕಳಿಂದ ಚರ್ಚೆ ಮಾಡಿಸುತ್ತಾರೆಂದು ಮೇಷ್ಟ್ರು ಮೊದಲೇ ಕಲಿಸಿದ್ದರು: “ಉಪ್ಪಿಟ್ಟಿನ ಮೇಲೆ ಚರ್ಚೆ. ಈ ಸಾಲಿನವ್ರು ಒಳ್ಳೇದು ಅನ್ನಿ, ಆ ಸಾಲಿನವ್ರು ಬೋ ಒಳ್ಳೇದು ಅನ್ನಿ. ಚರ್ಚೆ ಅಂದ್ರೆ ಅಷ್ಟೇ ಕಣ್ರೋ.”

ಅವರು ಬಂದ ದಿನ ಹಾಗೇ ಕೂಗಿದೆವು. ಇನ್‌ಸ್ಪೆಕ್ಟರು ನಕ್ಕು, “ಬೇರೆ ಮಾತಿದ್ರೂ ಹೇಳ್ರಪ್ಪಾ, ಹೆದರಬೇಡಿ” ಎಂದರು.

ಕಾಡಂಚಿನ ಗಿರಿಜನರ ಹಾಡಿಯಿಂದ ಬರುತ್ತಿದ್ದ ಮಾದಿ ಎದ್ದು ನಿಂತಳು. “ಅದ್ರಲ್ಲಿ ಉಳ ಇರ್ತವೆ ಸಾ.”

“ಭೇಷ್! ಚರ್ಚೆ ಅಂದ್ರೆ ಹೀಗಿರ್ಬೇಕು” ಎಂದು ಇನ್‌ಸ್ಪೆಕ್ಟರು ಅವಳ ಬೆನ್ನು ತಟ್ಟಿ, ಪಟೇಲರ ಮನೆಯ ಕೋಳಿಸಾರಿಗೆ ಹೊರಟರು.

ಜೀಪಿನ ಧೂಳು ಅಡಗುವ ಮೊದಲೇ ಮೇಷ್ಟ್ರು ಮಾದಿಯ ತಟ್ಟೆ ತುಂಬ ಉಪ್ಪಿಟ್ಟು ಸುರಿದು, ಬೆತ್ತ ಹಿಡಿದು ಎದುರಿಗೆ ನಿಂತರು. “ಈಗ ಮಾಡಮ್ಮಿ ಚರ್ಚೆಯ.”

ಅವಳು ಒಂದೊಂದೇ ಹುಳ ಆರಿಸಿ ತಟ್ಟೆಯ ಅಂಚಿಗಿಟ್ಟಳು. ಬೆಂದು ಉಬ್ಬಿದ ಬಿಳಿ ಹುಳಗಳು, ಕಪ್ಪು ತಲೆಗಳು. ಮೇಷ್ಟ್ರು ಉಪ್ಪಿಟ್ಟು ತಿನ್ನುತ್ತಿದ್ದ ನಮ್ಮತ್ತ ತಿರುಗಿದರು. “ನಿಮ್ ತಟ್ಟೇಲೂ ಅವ್ಯೇನ್ರೋ?”

“ಇಲ್ಲಾ ಸಾ” ಎಂದು ಎರಡೂ ಸಾಲಿನವರು ಒಟ್ಟಿಗೆ ಕೂಗಿ, ಬಾಯಲ್ಲಿದ್ದುದನ್ನು ಅಗಿಯದೆ ನುಂಗಿದೆವು.