ಕೇಳದೆ ಹಾಕಿದ ಗುರುತು

ನರ್ಸಮ್ಮನ ಪೆನ್ನು ‘ಮದ್ಯಪಾನ’ ಎಂಬ ಸಾಲಿಗೆ ಬಂದು, ಎದುರಿಗಿದ್ದ ‘ಇಲ್ಲ’ದ ಮೇಲೆ ತನ್ನಷ್ಟಕ್ಕೆ ಗುರುತು ಹಾಕಿತು. ಹನ್ನೊಂದು ವರ್ಷದಿಂದ ಬಸುರಿಯರ ಕಾರ್ಡು ತುಂಬುತ್ತಿದ್ದರೂ ಈ ಪ್ರಶ್ನೆಯನ್ನು ಅವಳು ಯಾರಿಗೂ ಕೇಳಿರಲಿಲ್ಲ. ಮರ್ಯಾದಸ್ಥ ಹೆಂಗಸರನ್ನು ಹಾಗೆ ಕೇಳಲು ಬಾಯಿ ಬರುತ್ತಿರಲಿಲ್ಲ.

“ಅದೇನು ಸಿಸ್ಟರ್, ನನ್ನ ಕೇಳ್ದೇನೇ ಬರ್ಕೊಂಡ್ರಿ?” ಎಂದಳು ಎದುರಿಗೆ ಕೂತಿದ್ದ ಟೈಲರಮ್ಮ. ಅವಳಿಗೀಗ ನಾಲ್ಕು ತಿಂಗಳು.

“ಕುಡಿಯೋ ವಿಷಯ. ನಿಮಗೆಲ್ಲಿ ಅದು, ಬಿಡಿ.”

ಪಕ್ಕದಲ್ಲಿದ್ದ ಅತ್ತೆ ನಕ್ಕರು. ಸೊಸೆ ನಗಲಿಲ್ಲ. “ಬ್ರಾಂದಿ ಲೆಕ್ಕಕ್ಕೆ ಬರತ್ತಾ? ಮಲಗೋ ಮುಂಚೆ ದಿನಾ ಎರಡು ಚಮಚ ಕುಡೀತೀನಿ.”

“ಅದು ಔಷಧಿ ಕಣೇ,” ಅತ್ತೆ ತಡೆದರು. “ನಿದ್ದೆ ಬರ್ಲಿ ಅಂತ ನಾನೇ ಬಿಸಿನೀರಲ್ಲಿ ಬೆರೆಸಿ ಕೊಡ್ತೀನಿ ಸಿಸ್ಟರ್. ಬಸುರೀಲಿ ನಾನೂ ಕುಡ್ದಿದ್ದೆ.”

ನರ್ಸಮ್ಮ ‘ಇಲ್ಲ’ದ ಮೇಲಿನ ಗುರುತನ್ನು ಹೊಡೆದುಹಾಕಿದಳು. ಇಷ್ಟು ವರ್ಷದಲ್ಲಿ ಎಷ್ಟು ಮನೆಗಳಲ್ಲಿ ಹೀಗೆ ಎರಡೆರಡು ಚಮಚ ಬೆರೆತಿತ್ತೋ ಏನೋ. “ಅದು ಮಗೂಗೂ ಹೋಗತ್ತಮ್ಮ,” ಎಂದಳು ಮೆಲ್ಲಗೆ. “ಇಷ್ಟಾದ್ರೆ ಪರವಾಗಿಲ್ಲ ಅನ್ನೋ ಅಳತೆ ಡಾಕ್ಟರ ಹತ್ರಾನೂ ಇಲ್ಲ. ಇವತ್ತೇ ನಿಲ್ಸಿ, ಈಗ ನಿಲ್ಸಿದ್ರೂ ಒಳ್ಳೇದೇ. ನಿದ್ದೆಗೇನು ಮಾಡೋದು ಅಂತ ಡಾಕ್ಟರನ್ನ ಕೇಳೋಣ.”

ಅತ್ತೆಯ ಮುಖ ಇಳಿದುಹೋಯಿತು. “ಯಾರೂ ಹೇಳ್ಲೇ ಇಲ್ವಲ್ಲಮ್ಮ ನಮಗೆ,” ಎನ್ನುತ್ತ ಸೊಸೆಯ ಕೈ ಹಿಡಿದುಕೊಂಡರು.

ನರ್ಸಮ್ಮ ಎದ್ದು ಬಾಗಿಲಿಗೆ ಹೋದಳು. ಬೆಳಿಗ್ಗೆಯೇ ಕಾರ್ಡು ತುಂಬಿಸಿಕೊಂಡು ಹೊರಗೆ ಬೆಂಚಿನ ಮೇಲೆ ಡಾಕ್ಟರಿಗಾಗಿ ಕಾಯುತ್ತಿದ್ದ ಮೂವರು ಬಸುರಿಯರನ್ನು ಒಬ್ಬೊಬ್ಬರಾಗಿ ವಾಪಸು ಕರೆದಳು.