ಅಣ್ಣನಿಗೊಂದು ಬಾಟಲಿ

ಮದುವೆಯಾಗಿ ನಲವತ್ತು ವರ್ಷವಾಯಿತೆಂದು ಶೈಲಜ ಅಪ್ಪ ಅಮ್ಮನನ್ನು ವೈನ್ ರುಚಿ ನೋಡಲು ದ್ರಾಕ್ಷಿತೋಟಕ್ಕೆ ಕರೆತಂದಿದ್ದಳು. ಅಪ್ಪ ಬರುತ್ತಾನೆಂದು ಅವಳಿಗೇ ನಂಬಿಕೆಯಿರಲಿಲ್ಲ. ಅಣ್ಣನ ಬಾಯಲ್ಲಿ ಬಿಯರ್ ವಾಸನೆ ಬಂತೆಂದು ಅವನನ್ನು ಉಟ್ಟ ಬಟ್ಟೆಯಲ್ಲೇ ಮನೆಯಿಂದ ಆಚೆ ಹಾಕಿದ ಮನುಷ್ಯ ಈತ. ಈಗ ನೋಡಿದರೆ ಅಲ್ಲಿನವರು ಹೇಳಿಕೊಟ್ಟಂತೆ ಗ್ಲಾಸು ತಿರುಗಿಸಿ, ಮೂಸಿ, ಚಪ್ಪರಿಸುತ್ತಿದ್ದಾನೆ!

"ಹೃದಯಕ್ಕೆ ಒಳ್ಳೇದಂತೆ ಕಣೇ. ಒಂದು ಗುಟುಕು ಕುಡಿದರೆ ಮನೆಯೇನೂ ಮುಳುಗಲ್ಲ, ತಗೋ" ಎಂದು ಅಮ್ಮನ ಮುಂದಕ್ಕೂ ಒಂದು ಗ್ಲಾಸು ತಳ್ಳಿದ.

ಅಮ್ಮ ಅದನ್ನು ಮುಟ್ಟಲಿಲ್ಲ. "ಮುಳುಗಲ್ವಾ?" ಎಂದಳು.

"ಇಲ್ಲ ಅಂದ್ನಲ್ಲ."

ಅಮ್ಮ ಮಗಳ ಕಡೆ ತಿರುಗಿದಳು. "ಹಾಗಾದ್ರೆ ನಿಮ್ಮಣ್ಣನಿಗೂ ಒಂದು ಬಾಟಲಿ ಕಟ್ಟಿಸೇ."

ಅಪ್ಪನ ಗ್ಲಾಸು ತುಟಿಯ ಹತ್ತಿರವೇ ನಿಂತಿತು.

"ಅವನಿಗ್ಯಾಕೆ ಈಗ?" ಎಂದ, ದನಿ ತಗ್ಗಿಸಿ.

"ಮುಂದಿನ ವಾರ ಪಕ್ಷದ ಹಬ್ಬ ಕಣ್ರೀ" ಎಂದಳು ಅಮ್ಮ. "ಅವನ ಫೋಟೋ ಮುಂದೆ ಎಡೆ ಇಕ್ಕುವಾಗ ಇನ್ನೂ ಎಷ್ಟು ವರ್ಷ ಅಂತ ಬರೀ ವಡೆ, ಪಾಯಸ ಇಡೋದು?"